ಬೆಳ್ಳಿಯುಕ್ತ ಡ್ರೆಸ್ಸಿಂಗ್: ದ್ರವ ನಿಭಾಯಿಸುವ ಪರೀಕ್ಷೆಗಳು

ಗಾಯಕ್ಕೆ ಹಚ್ಚುವ ಡ್ರೆಸ್ಸಿಂಗ್ ದ್ರವ ಹೀರುವುದು, ಒತ್ತಿದಾಗ ಬಿಡದಿರುವುದು, ಆವಿಯಾಗಿ ಹೊರಗೆ ಕಳಿಸುವುದು ಇವು ಮೂರೂ ಬೇರೆ ಬೇರೆ ಗುಣ. ಡ್ರೆಸ್ಸಿಂಗ್ ಪರೀಕ್ಷೆಗಳ ಯುರೋಪಿನ ಇಎನ್ 13726 ಮಾನಕವನ್ನು ಓದುವಾಗ ಇದು ನೆನಪಿರಲಿ.

ಮೊದಲು ಪರೀಕ್ಷಾ ದ್ರವ, ಅಂದರೆ ಸಲ್ಯೂಷನ್ ಎ. ಒಂದು ಲೀಟರಿಗೆ 8.298 ಗ್ರಾಂ ಸೋಡಿಯಂ ಕ್ಲೋರೈಡ್, 0.368 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಬಾಟಲಿಯ ಲೇಬಲ್ ನೋಡಿ: ನೀರಿನಂಶವಿಲ್ಲದ ಉಪ್ಪಾದರೆ 0.277 ಗ್ರಾಂ ಸಾಕು. ಬರೀ ಡಿಸ್ಟಿಲ್ಡ್ ವಾಟರ್ ಬಳಸಿದರೆ ಕ್ಯಾಲ್ಸಿಯಂ ಆಲ್ಜಿನೇಟ್ (ಕಡಲಕಳೆಯಿಂದ ಮಾಡಿದ ಡ್ರೆಸ್ಸಿಂಗ್ ನಾರು) ಸರಿಯಾಗಿ ಜೆಲ್ ಆಗುವುದೇ ಇಲ್ಲ. ಅದಕ್ಕೆ ಸೋಡಿಯಂ ಅಯಾನು ಬೇಕು.

ಫ್ರೀ ಸ್ವೆಲ್, ಅಂದರೆ ಒತ್ತಡವಿಲ್ಲದೆ ಎಷ್ಟು ಹೀರುತ್ತದೆಂಬ ಪರೀಕ್ಷೆಗೆ 5 × 5 ಸೆಂ.ಮೀ. ತುಂಡು ತೂಗಿ ಪೆಟ್ರಿ ಡಿಶ್‌ನಲ್ಲಿಡಿ. ಅದರ ತೂಕದ 40 ಪಟ್ಟು, 37 ಡಿಗ್ರಿಯ ದ್ರವ ಹಾಕಿ 30 ನಿಮಿಷ ಇನ್‌ಕ್ಯುಬೇಟರ್‌ನಲ್ಲಿಡಿ. ಒಂದು ಮೂಲೆ ಹಿಡಿದೆತ್ತಿ, 30 ಸೆಕೆಂಡ್ ತೂಗಾಡಲು ಬಿಟ್ಟು ತೂಗಿ. ತುಂಡು 0.30 ಗ್ರಾಂ ಇದ್ದು ನೆನೆದ ಮೇಲೆ 4.80 ಆಯಿತೆನ್ನಿ: ಹೀರಿದ್ದು 4.50, ನಾಲ್ಕರಿಂದ ಗುಣಿಸಿದರೆ 100 ಚದರ ಸೆಂ.ಮೀ.ಗೆ 18 ಗ್ರಾಂ. ಡಿಶ್‌ನಲ್ಲಿ ಹನಿಯೂ ಉಳಿಯದಿದ್ದರೆ ಆ ಅಂಕಿಯನ್ನು ನಂಬಬೇಡಿ, ದ್ರವವೇ ಸಾಲಲಿಲ್ಲ ಎಂದರ್ಥ.

ಬಿಗಿಯಾಗಿ ಒತ್ತಿ ಸುತ್ತುವ ಕಂಪ್ರೆಷನ್ ಬ್ಯಾಂಡೇಜಿನಡಿ ಇದೇ ಡ್ರೆಸ್ಸಿಂಗ್ ಸೋರಬಹುದು. ಅದನ್ನು ತಿಳಿಯಲು 40 ಎಂಎಂ ಪಾದರಸದ ಒತ್ತಡ ಹಾಕುತ್ತಾರೆ. ಈ ಅಳತೆಯ ತುಂಡಿನ ಮೇಲೆ ಅದು ಸುಮಾರು 1.36 ಕೆ.ಜಿ. ತೂಕ. ಫೋಮ್‌ನ ರಂಧ್ರಗಳಲ್ಲಿ ಸುಮ್ಮನೆ ತುಂಬಿದ ದ್ರವ ಸುಲಭವಾಗಿ ಹೊರಬರುತ್ತದೆ, ಜೆಲ್ ಆಗುವ ನಾರಿನೊಳಗಿನದು ಅಷ್ಟಾಗಿ ಬರುವುದಿಲ್ಲ.

ಹೆಚ್ಚು ಎಡವುವುದು ಹೀರಿದ್ದನ್ನೂ ಆವಿಯಾದದ್ದನ್ನೂ ಒಟ್ಟಿಗೆ ಅಳೆಯುವ ಪ್ಯಾಡಿಂಗ್ಟನ್ ಕಪ್‌ನಲ್ಲಿ. 10 ಚದರ ಸೆಂ.ಮೀ. ಬಾಯಿಗೆ ಡ್ರೆಸ್ಸಿಂಗ್ ಬಿಗಿದು ತೂಗಿ (ತೂಕ 1), 20 ಮಿ.ಲೀ. ದ್ರವ ಹಾಕಿ ಮುಚ್ಚಿ ತೂಗಿ (2), 37 ಡಿಗ್ರಿಯಲ್ಲಿ, ಶೇ. 20ಕ್ಕಿಂತ ಕಡಿಮೆ ಆರ್ದ್ರತೆಯಲ್ಲಿ 24 ಗಂಟೆ ಇಟ್ಟು, ತಣಿದ ಮೇಲೆ ತೂಗಿ (3). ಮುಚ್ಚಳ ತೆಗೆದು ದ್ರವ ಬಸಿದು, 15 ನಿಮಿಷ ಬಿಟ್ಟು ಬಿಡಿಭಾಗಗಳ ಸಮೇತ ಮತ್ತೆ ತೂಗಿ (4). ಎರಡರಿಂದ ಮೂರನ್ನು ಕಳೆದರೆ ಆವಿ, ನಾಲ್ಕರಿಂದ ಒಂದನ್ನು ಕಳೆದರೆ ಹೀರಿದ್ದು. ಕೂಡಿದರೆ ಒಟ್ಟು ಸಾಮರ್ಥ್ಯ. ಸ್ಕ್ರೂ ಸಡಿಲವಿದ್ದು ಅಂಚಿನಲ್ಲಿ ಜಿನುಗಿದ್ದೂ ಆವಿಯ ಲೆಕ್ಕಕ್ಕೇ ಸೇರಿಬಿಡುತ್ತದೆ. ಸುತ್ತಲ ಗಾಳಿಯನ್ನು ಒಣಗಿಡುವ ಸಿಲಿಕಾ ಜೆಲ್ ತೇವ ಹೀರಿ ಸುಸ್ತಾಗಿದ್ದರೆ ಆವಿ ಕಡಿಮೆ ಬರುತ್ತದೆ.

ಇನ್ನು ಬೆಳ್ಳಿ. ಸಲ್ಯೂಷನ್ ಎ ತುಂಬ ಕ್ಲೋರೈಡ್ ಇರುವುದರಿಂದ ಬಿಡುಗಡೆಯಾದ ಬೆಳ್ಳಿ ಅಯಾನುಗಳ ಬಹುಪಾಲು ನೀರಿನಲ್ಲಿ ಅಷ್ಟಾಗಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಶುದ್ಧ ನೀರಿನಲ್ಲಿ ಅಳೆದ ಬಿಡುಗಡೆಯನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಬಾರದು. ಬೆಳ್ಳಿ ಸೇರಿಸಿದ್ದರಿಂದ ಹೀರುವಿಕೆ ತಗ್ಗಿದೆಯೇ ಎಂದು ತಿಳಿಯಲು ಅದೇ ನಾರಿನ, ಅದೇ ದಪ್ಪದ, ಬೆಳ್ಳಿಯಿಲ್ಲದ ತುಂಡನ್ನೂ ಜೊತೆಗೇ ಪರೀಕ್ಷಿಸಿ.