ವಲಸಿಗ ಅಂದ್ರೆ ಯಾರು? ಮಲೆನಾಡಿನಿಂದ ನೋಡಿದಾಗ

ಸಾಗರ, ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಬೇರೆ ರಾಜ್ಯದ ಕೆಲಸಗಾರರು ಬರುತ್ತಾರೆ. "ವಲಸಿಗರು ಜಾಸ್ತಿ ಆದ್ರು" ಅನ್ನೋ ಮಾತೂ ಶುರುವಾಗುತ್ತದೆ. ಅಮೆರಿಕಕ್ಕೆ ಹೋಗಿ ನೆಲೆಸಿದ ನಮ್ಮೂರ ಹುಡುಗನಿಗೂ ಅದೇ ಪದ, ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟಿದವರಿಗೂ ಅದೇ ಪದ. ಇದು ಸರಿಯಲ್ಲ.

ವಲಸೆ ಹಳೆಯ ಪದ. ದಂಡು ಬರುತ್ತದೆ ಅಂತ ಹೆದರಿ ಊರು ಬಿಡುವುದಕ್ಕೆ ಹಿಂದೆ ಹಾಗೆ ಅನ್ನುತ್ತಿದ್ದರು. ಅದರಲ್ಲಿ ದೇಶದ ಗಡಿಯ ಮಾತೇ ಇಲ್ಲ. ಇಂಗ್ಲಿಷಿನ ಇಮಿಗ್ರಂಟ್ ಹಾಗಲ್ಲ. 1828ರ ವೆಬ್‌ಸ್ಟರ್ ನಿಘಂಟು ಅದಕ್ಕೆ ಕೊಟ್ಟ ಅರ್ಥ, ಒಂದು ದೇಶಕ್ಕೆ ಕಾಯಂ ಆಗಿ ನೆಲೆಸಲು ಬಂದವರು ಅಂತ. ಪೇಪರಿನವರು, ಸರ್ಕಾರದವರು ಇದಕ್ಕೂ ವಲಸಿಗ ಅಂತಲೇ ಬರೆದರು, ಗೊಂದಲ ಹುಟ್ಟಿದ್ದೇ ಅಲ್ಲಿ.

ಬಿಹಾರದಿಂದಲೋ ಅಸ್ಸಾಂನಿಂದಲೋ ತೋಟದ ಕೆಲಸಕ್ಕೆ ಬಂದ ಭಾರತದ ಪ್ರಜೆ ಇಮಿಗ್ರಂಟ್ ಅಲ್ಲವೇ ಅಲ್ಲ. ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಇಂಥವರಿಗಾಗಿ 1979ರಲ್ಲಿ ಬಂದ ಕಾನೂನು ಅವರನ್ನು ಕರೆದಿದ್ದು ಅಂತರರಾಜ್ಯ ವಲಸೆ ಕಾರ್ಮಿಕರು ಅಂತ. ಪೌರತ್ವ ಕಾಯ್ದೆಯಲ್ಲಿ ಬರುವ 'ಅಕ್ರಮ ವಲಸಿಗ' ಬೇರೆಯೇ. ಅದು 2003ರ ತಿದ್ದುಪಡಿಯಲ್ಲಿ ಸೇರಿದ್ದು, ವಿದೇಶದಿಂದ ಬಂದವರಿಗೆ ಮಾತ್ರ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಕೂಲಿ ಮಾಡಿ ಊರಿಗೆ ದುಡ್ಡು ಕಳಿಸುವ ಹುಡುಗನ ಮೇಲೆ ಸುಮ್ನೆ ಅನುಮಾನ ಬೀಳುತ್ತದೆ ಅಲ್ವಾ? ಮುಂಡಗೋಡಿನ ಟಿಬೆಟಿಯನ್ನರದ್ದು ಮತ್ತೊಂದು ಕಥೆ, ಅವರು ನಿರಾಶ್ರಿತರು.

ಹೊರಗಿನಿಂದ ಬರುವುದು ನಮಗೆ ಹೊಸದೂ ಅಲ್ಲ. ಘಟ್ಟದ ಕೆಳಗಿನಿಂದ ಹತ್ತಿ ಬಂದವರು ಇಲ್ಲಿ ಗದ್ದೆ ಮಾಡಿದರು, ಹೋಟೆಲ್ ಇಟ್ಟರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದ ಮೇಲೆ ಅಲ್ಲಿಗೆ ತಮಿಳು, ತೆಲುಗು ಮಾತಾಡುವ ಕುಟುಂಬಗಳು ಬಂದವು, ಅವರ ಮೊಮ್ಮಕ್ಕಳು ಈಗ ಭದ್ರಾವತಿಯವರೇ.

ನನಗೆ ಜಾಸ್ತಿ ನೋವಾಗುವುದು ಶರಾವತಿಯವರ ವಿಷಯದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕಿನ ಎಷ್ಟೋ ಊರುಗಳು, ತೋಟಗಳು, ದೇವಸ್ಥಾನಗಳು ನೀರಿಗೆ ಹೋದವು. ನಾಡಿಗೆ ಕರೆಂಟು ಬಂತು, ಇವರು ಲಾರಿ ಹತ್ತಿ ಗುರುತಿಲ್ಲದ ಕಾಡಿನ ಜಾಗಕ್ಕೆ ಹೋಗಿ ಇಳಿದರು. ಹಕ್ಕುಪತ್ರಕ್ಕಾಗಿ ಆ ಮನೆಗಳ ಮೂರನೇ ತಲೆಮಾರು ಕಚೇರಿ ಅಲೆಯುತ್ತಿದೆ. ಇವರನ್ನು ವಲಸೆ ಬಂದವರು ಅಂದರೆ ತಾವಾಗೇ ಹೊರಟು ಬಂದರು ಅನ್ನೋ ಅರ್ಥ ಬಂದುಬಿಡುತ್ತದೆ. ಊರವರು ಮೊದಲಿನಿಂದಲೂ 'ಮುಳುಗಡೆಯವರು' ಅಂತಾರೆ. ಅರ್ಜಿಯಲ್ಲೂ ಅದೇ ಪದ ಇರಲಿ. ಇವರನ್ನು ಎಬ್ಬಿಸಿದ್ದು ಸರ್ಕಾರ, ಜಾಗ ಕೊಡಬೇಕಾದ್ದೂ ಸರ್ಕಾರವೇ ಅನ್ನೋದು ಆ ಪದದಲ್ಲೇ ಇದೆ.