ಪ್ರಾರ್ಥನೆಗೊಂದು ಹೊತ್ತುಗೊತ್ತು

ಸಭೆಯವರ ಮನೆಗಳಿಗೆ ಭೇಟಿಕೊಟ್ಟಾಗ "ದಿನಾ ಪ್ರಾರ್ಥನೆ ಮಾಡ್ತೀರಾ?" ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಆ ಪ್ರಶ್ನೆಗೆ ತಲೆ ತಗ್ಗುತ್ತಿತ್ತು, "ಆಗ್ತಾ ಇಲ್ಲ ಪಾಸ್ಟರ್, ಟೈಮೇ ಸಿಗಲ್ಲ" ಎಂಬ ಮಾತು ಬರುತ್ತಿತ್ತು. ಈಗ ನಾನು ಕೇಳುವುದು, "ಎಷ್ಟು ಹೊತ್ತಿಗೆ ಪ್ರಾರ್ಥನೆಗೆ ಕೂರ್ತೀರಿ?" ಎಂದು. ಹೊತ್ತು ಗೊತ್ತುಮಾಡಿಕೊಂಡವರು ಥಟ್ಟನೆ ಹೇಳುತ್ತಾರೆ. ಉಳಿದವರು ಯೋಚಿಸುತ್ತಾರೆ, ಅವರೊಂದಿಗಿನ ನಿಜವಾದ ಮಾತು ಅಲ್ಲಿಂದ ಶುರು.

ನಾನೂ ವರ್ಷಗಟ್ಟಲೆ ಪ್ರಸಂಗಪೀಠದಿಂದ "ಎಡೆಬಿಡದೆ ಪ್ರಾರ್ಥಿಸಿರಿ" ಎಂದು ಒತ್ತಿ ಒತ್ತಿ ಹೇಳಿದವನೇ. ಜನ ಕಣ್ಣೀರಿಟ್ಟು ತೀರ್ಮಾನ ಮಾಡುತ್ತಿದ್ದರು, ಎರಡು ವಾರ ನಡೆಸುತ್ತಿದ್ದರು, ಆಮೇಲೆ ಸೋತೆವೆಂದು ಸುಮ್ಮನಾಗುತ್ತಿದ್ದರು. ಅವರ ವಿಶ್ವಾಸ ಕಡಿಮೆಯಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ನಾನು ಗದರಿಸಿದ್ದೆ, ಕಲಿಸಿರಲಿಲ್ಲ. ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಶಿಷ್ಯರ ಪರವಾಗಿ ಒಬ್ಬನು ಯೇಸುವನ್ನು ಕೇಳಿದ್ದು ನಮಗೆ ಪ್ರಾರ್ಥಿಸುವುದನ್ನು ಕಲಿಸು ಎಂದು. ಚಿಕ್ಕಂದಿನಿಂದ ಸಭಾಮಂದಿರದಲ್ಲಿ ಪ್ರಾರ್ಥನೆ ಕೇಳುತ್ತಾ ಬೆಳೆದ ಯೆಹೂದ್ಯರು ಅವರು. ಅವರಿಗೂ ಕಲಿಯುವುದಿತ್ತು. ಯೇಸು ಅವರನ್ನು ನಾಚಿಸಲಿಲ್ಲ, ಬಾಯಿಗೆ ಮಾತು ಕೊಟ್ಟನು. ಅದೇ ನಾವು ಹೇಳುವ ಕರ್ತನ ಪ್ರಾರ್ಥನೆ.

ಪ್ರಾರ್ಥಿಸಿದ್ದಕ್ಕಾಗಿ ಸಿಂಹದ ಗವಿಗೆ ಬಿದ್ದ ದಾನಿಯೇಲನ ಕಥೆಯನ್ನು ನಾವು ಆ ಗವಿಯಿಂದಲೇ ನೆನಪಿಟ್ಟುಕೊಂಡಿದ್ದೇವೆ. ಗವಿಗಿಂತ ಮುಂಚಿನ ಒಂದು ವಚನದ ಮೇಲೆ ನನಗೆ ಬಹಳ ಪ್ರೀತಿ. ಮೂವತ್ತು ದಿನ ಅರಸನನ್ನು ಬಿಟ್ಟು ಬೇರಾರಿಗೂ ಬಿನ್ನೈಸಬಾರದೆಂಬ ಶಾಸನಕ್ಕೆ ರುಜು ಬಿದ್ದದ್ದು ತಿಳಿದ ಮೇಲೆ ದಾನಿಯೇಲನು ಮನೆಗೆ ಹೋದನು. ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದಿದ್ದ ಮೇಲಂತಸ್ತಿನ ಕೋಣೆಯಲ್ಲಿ, ಮೊದಲಿನಿಂದ ಮಾಡುತ್ತಿದ್ದ ಹಾಗೆಯೇ, ದಿನಕ್ಕೆ ಮೂರು ಸಾರಿ ಮೊಣಕಾಲೂರಿದನು. ಆ "ಮೊದಲಿನಿಂದ ಮಾಡುತ್ತಿದ್ದ ಹಾಗೆ" ಎಂಬ ಮಾತನ್ನು ಗಮನಿಸಿ. ಆಪತ್ತಿನ ದಿನ ಅವನು ಹೊಸದಾಗಿ ಏನನ್ನೂ ಶುರುಮಾಡಬೇಕಿರಲಿಲ್ಲ.

ಯೇಸುವಿನ ನಂತರದ ಮೊದಲ ವಿಶ್ವಾಸಿಗಳಾದ ಆದಿಸಭೆಯವರೂ ಹೀಗೇ. ಶಿಷ್ಯರಾದ ಪೇತ್ರ ಯೋಹಾನರು ದೇವಾಲಯಕ್ಕೆ ಹೋದದ್ದು ಮಧ್ಯಾಹ್ನ ಮೂರರ ಪ್ರಾರ್ಥನೆಯ ವೇಳೆಗೆ. ಇನ್ನೊಮ್ಮೆ ಪೇತ್ರನು ಪ್ರಾರ್ಥಿಸಲು ಮಾಳಿಗೆ ಹತ್ತಿದ್ದು ನಡುಮಧ್ಯಾಹ್ನ. ದಿದಾಖೆ ಎಂಬ ಪ್ರಾಚೀನ ಬೋಧನೆ, ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಾರಿ ಹೇಳಿರೆಂದು ವಿಶ್ವಾಸಿಗಳಿಗೆ ಸರಳವಾಗಿ ಹೇಳಿಬಿಡುತ್ತದೆ.

1535ರಲ್ಲಿ ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕನಿಗೆ, ಅವನು ಕೇಳಿದ್ದಕ್ಕಾಗಿ, ಪ್ರಾರ್ಥಿಸುವ ಬಗೆಯನ್ನು ಬರೆದುಕೊಟ್ಟ. ಬೆಳಗಿನ ಮೊದಲ ಕೆಲಸ, ರಾತ್ರಿಯ ಕೊನೆಯ ಕೆಲಸ ಪ್ರಾರ್ಥನೆಯೇ ಆಗಿರಲಿ. "ಇನ್ನೊಂದು ಗಳಿಗೆ ಬಿಟ್ಟು ಮಾಡೋಣ, ಮೊದಲು ಇದೊಂದು ಮುಗಿಯಲಿ" ಎನ್ನುವ ಮನಸ್ಸಿನ ಬಗ್ಗೆ ಎಚ್ಚರವಾಗಿರು ಎಂದ. ಕ್ಷೌರ ಮಾಡುವಾಗ ಕಣ್ಣು ಕತ್ತಿಯ ಮೇಲಿಲ್ಲದಿದ್ದರೆ ಗಿರಾಕಿಯ ಮೂಗೋ ಗಂಟಲೋ ಕೊಯ್ದೀತು, ಪ್ರಾರ್ಥನೆಗೂ ಅಷ್ಟೇ ಗಮನ ಬೇಕು ಎಂದು ಅವನ ಕಸುಬಿನಿಂದಲೇ ಉದಾಹರಣೆ ಕೊಟ್ಟ. ನಮ್ಮ ಕಾಲದಲ್ಲಿ ಆ ಎಚ್ಚರ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದರಿಂದ ಶುರುವಾಗಬೇಕು.

ಹೊತ್ತು ಗೊತ್ತಾಯಿತು, ಕುಳಿತೂ ಆಯಿತು. ಆಮೇಲೆ ಏನು ಹೇಳುವುದು? ಬಹಳ ಜನ ಸೋಲುವುದು ಇಲ್ಲೇ. ಮಾತು ಹೃದಯದಿಂದ ತಾನಾಗಿ ಉಕ್ಕಬೇಕು, ಇಲ್ಲದಿದ್ದರೆ ಅದು ಪ್ರಾರ್ಥನೆಯೇ ಅಲ್ಲ ಎಂಬ ಭಯ ಅವರಿಗೆ. ಗಂಡನನ್ನು ಕಳೆದುಕೊಂಡ ಸಹೋದರಿಯೊಬ್ಬರು "ಬಾಯಿ ತೆರೆದರೆ ಮಾತೇ ಬರಲ್ಲ, ದೇವರ ಮೇಲೆ ಕೋಪ ಬರುತ್ತೆ" ಎಂದಿದ್ದರು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಬೈಬಲಿನ 13ನೇ ಕೀರ್ತನೆಯನ್ನು ತೆರೆದುಕೊಟ್ಟೆ. ಆರೇ ವಚನ, ಮೊದಲ ಮಾತೇ "ಎಷ್ಟರವರೆಗೆ" ಎಂಬ ಪ್ರಶ್ನೆ. ಆಮೇಲೆ 88ನೆಯದು, ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು. "ಇದನ್ನೆಲ್ಲ ದೇವರ ಮುಂದೆ ಹೇಳಬಹುದಾ?" ಎಂದು ಅವರು ಕೇಳಿದರು. ಹೇಳಬಹುದು, ಹೇಳಿದವರ ಮಾತನ್ನು ದೇವರು ತನ್ನ ವಾಕ್ಯದಲ್ಲೇ ಸೇರಿಸಿಕೊಂಡಿದ್ದಾನೆ ಎಂದೆ. ತಿಂಗಳುಗಟ್ಟಲೆ ಅವರು ಅವೆರಡನ್ನೇ ಗಟ್ಟಿಯಾಗಿ ಓದಿದರು. ಅವರ ಪ್ರಾರ್ಥನೆ ಅಷ್ಟೇ ಇತ್ತು, ಅದು ಸಾಕಾಗಿತ್ತು.

ಹಾಗಾಗಿ ನಮ್ಮ ಸಭೆಯಲ್ಲಿ ಈಗ ನಾನು ಕೇಳಿಕೊಳ್ಳುವುದು ಬಹಳ ಚಿಕ್ಕದು: ಒಂದು ಕೀರ್ತನೆ, ಕರ್ತನ ಪ್ರಾರ್ಥನೆ, ಇಬ್ಬರದೋ ಮೂವರದೋ ಹೆಸರೆತ್ತಿ ಅವರಿಗಾಗಿ ವಿಜ್ಞಾಪನೆ. ಹತ್ತು ನಿಮಿಷ ಸಾಕು. ದಿನಕ್ಕೊಂದರಂತೆ 150 ಕೀರ್ತನೆಗಳಿಗೆ ಸುಮಾರು ಐದು ತಿಂಗಳಾಗುತ್ತದೆ, ಬಹಳ ಉದ್ದವಾದ 119ನೆಯದನ್ನು ಮಾತ್ರ ತುಂಡು ತುಂಡಾಗಿ ಓದಿಕೊಳ್ಳಿ. ಕೈಗೂಸಿನ ತಾಯಿಗೆ ಮುಂಜಾನೆಯೇ ಆಗಬೇಕೆಂದಿಲ್ಲ, ಮಗು ಮಲಗಿದ ಹೊತ್ತೇ ಆಕೆಯ ಪ್ರಾರ್ಥನೆಯ ಹೊತ್ತು. ರಾತ್ರಿಪಾಳಿಯವರಿಗೆ ಮನೆಗೆ ಬಂದು ಕೈಕಾಲು ತೊಳೆದ ಮೇಲಿನ ಹೊತ್ತು. ಯೇಸು ಇನ್ನೂ ಕತ್ತಲಿರುವಾಗ ಎದ್ದು ಅಡವಿಗೆ ಹೋಗಿ ಪ್ರಾರ್ಥಿಸಿದ್ದು ನಿಜ, ಇಡೀ ರಾತ್ರಿ ಬೆಟ್ಟದ ಮೇಲೆ ಪ್ರಾರ್ಥಿಸಿದ್ದೂ ನಿಜ.

ಸಭೆಯ ಹಿರಿಯರಿಗೆ ಒಂದು ಮಾತು. ಯಾರು ಪ್ರಾರ್ಥಿಸುತ್ತಿಲ್ಲವೆಂದು ಲೆಕ್ಕವಿಡಬೇಡಿ. ಹೊಸದಾಗಿ ಶುರುಮಾಡಿದವರ ಜೊತೆ ಮೊದಲ ತಿಂಗಳು ವಾರಕ್ಕೊಮ್ಮೆ ಕುಳಿತು ಒಂದು ಕೀರ್ತನೆ ಓದಿ. ಪ್ರಾರ್ಥಿಸುವವರ ಪಕ್ಕದಲ್ಲಿ ಕುಳಿತೇ ನಾವೆಲ್ಲ ಪ್ರಾರ್ಥನೆ ಕಲಿತದ್ದು.

ನಾಲ್ಕು ದಿನ ತಪ್ಪಿಹೋದರೆ ಬಾಕಿ ತೀರಿಸಲು ಹೋಗಬೇಡಿ. ನಾಲ್ಕು ಕೀರ್ತನೆ ಒಟ್ಟಿಗೆ ಓದಿ ಮುಗಿಸುವ ಅಗತ್ಯವಿಲ್ಲ, ಕ್ಷಮೆ ಕೇಳುತ್ತಲೇ ಹತ್ತು ನಿಮಿಷ ಕಳೆಯುವುದೂ ಬೇಡ. ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಕುಳಿತು ಆ ದಿನದ ಕೀರ್ತನೆಯನ್ನು ತೆರೆಯಿರಿ.