ಬಿಳಿ ಗೆರೆ ಬೇಡ ಸಾರ್

ಹಳೇ ಮನೆಯ ಪುಟ್ಟ ಮಾದರಿ ಮಾಡಿಸಲು ಬರುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಇದೇ ಮಾತಿಗೆ. "ಇಟ್ಟಿಗೆ ಎದ್ದು ಕಾಣಬೇಕು, ಮಧ್ಯದ ಗೆರೆ ಬೆಳ್ಳಗಿರಲಿ." ಅಲ್ಲಿಂದ ಅರ್ಧ ಗಂಟೆ ವಾದ. ಕಾಫಿ ಆರಿಹೋಗುತ್ತದೆ.

ಲೆಕ್ಕ ನೋಡಿ. ನಾನು ಜಾಸ್ತಿ ಮಾಡುವುದು 1:87 ಅಳತೆಯಲ್ಲಿ, ಅಂದರೆ ನಿಜದ 87 ಮಿ.ಮೀ. ಮಾದರಿಯಲ್ಲಿ ಒಂದೇ ಮಿ.ಮೀ. ಒಂಬತ್ತಿಂಚಿನ ಇಟ್ಟಿಗೆ ಅದರಲ್ಲಿ 2.6 ಮಿ.ಮೀ. ಆಗುತ್ತದೆ. 10 ಮಿ.ಮೀ. ಗಾರೆ ಸಂದು 0.11 ಮಿ.ಮೀ.ಗೆ ಇಳಿಯುತ್ತದೆ, ಅಂದರೆ ಜೆರಾಕ್ಸ್ ಹಾಳೆಯ ದಪ್ಪ. ಮಾದರಿ ಗೋಡೆಗೆ ಬಳಸುವ, ಇಟ್ಟಿಗೆ ಅಚ್ಚೊತ್ತಿದ ಪ್ಲಾಸ್ಟಿಕ್ ಹಾಳೆಗಳಲ್ಲಿ ಸಂದು ಸಾಮಾನ್ಯವಾಗಿ ಇದಕ್ಕಿಂತ ಅಗಲ. ಅದಕ್ಕೆ ಬಿಳಿ ಬೇರೆ ತುಂಬಿದರೆ ಗೋಡೆ ಹೋಗಿ ಚೌಕಳಿ ಪುಸ್ತಕ ಆಗುತ್ತದೆ.

ಇನ್ನೂ ಒಪ್ಪದವರಿಗೆ ಒಂದು ಮಾತು. ಮಾದರಿಯನ್ನು ಎರಡು ಅಡಿ ದೂರದಿಂದ ನೋಡುತ್ತೀರಿ ಅಲ್ವಾ? ನಿಜವಾದ ಮನೆಯನ್ನು ಐವತ್ತು ಮೀಟರ್ ಆಚೆಯಿಂದ ನೋಡಿದ ಹಾಗೆ ಅದು. ಬೀದಿ ತುದಿಯಲ್ಲಿ ನಿಂತು ಯಾರ ಮನೆಯ ಸಂದನ್ನಾದರೂ ಎಣಿಸಿದ್ದೀರಾ? ಅಲ್ಲಿಂದ ಇಟ್ಟಿಗೆ, ಗಾರೆ ಎರಡೂ ಬೆರೆತು ಕೆಂಪು ಸ್ವಲ್ಪ ಮಂಕಾಗಿರುತ್ತದೆ, ಅಷ್ಟೇ.

ಅದೂ ಅಲ್ಲದೆ ಹಳೇ ಗಾರೆ ಬೆಳ್ಳಗಿತ್ತು ಅಂತ ಹೇಳಿದವರು ಯಾರು? ನಮ್ಮ ಕಡೆ ಸುಣ್ಣಕ್ಕೆ ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಬೆರೆಸುತ್ತಿದ್ದರು. ಕನ್ನಂಬಾಡಿ ಕಟ್ಟೆ ಕಟ್ಟಿದ್ದೂ ಸುರ್ಕಿ ಗಾರೆಯಲ್ಲೇ. ಅದರ ಬಣ್ಣ ಮಾಸಲು ಗುಲಾಬಿ. ಊರೂರಿಗೆ ಬೇರೆ ಇರಬಹುದು, ಎಲ್ಲ ಗೋಡೆಗೂ ಇದೇ ಅಂತ ನಾನು ಹೇಳುವುದಿಲ್ಲ.

ರೈಲ್ವೆಯಿಂದ ನಿವೃತ್ತರಾದ ಒಬ್ಬರು ತಮ್ಮ ಹಳೇ ಕ್ವಾರ್ಟರ್ಸ್ ಮಾಡಿಸಿದರು. ಬಿಳಿ ಗೆರೆ ಬೇಕೇ ಬೇಕು ಅಂತ ಮೂರು ಸಲ ಫೋನ್. ಸಾಕಾಗಿ, ಎರಡು ಚೂರು ಗೋಡೆ ಮಾಡಿದೆ, ಒಂದು ಅವರ ಥರ, ಒಂದು ನನ್ನ ಥರ. ಮೇಜಿನ ಮೇಲಿಟ್ಟು ಏನೂ ಹೇಳದೆ ಸುಮ್ನೆ ಕೂತೆ. ಅವರು ಕನ್ನಡಕ ತೆಗೆದರು, ಹಾಕಿದರು. ನನ್ನ ಚೂರಿನ ಮೇಲೆ ಬೆರಳಿಟ್ಟು, "ಇಲ್ಲಿ ನಮ್ಮಮ್ಮ ಹಪ್ಪಳ ಒಣಗಿಸ್ತಿದ್ದರು" ಅಂದರು. ಕೋಪ ಎಲ್ಲ ಇಳಿದುಹೋಯಿತು.

ಕೆಲಸ ಕಷ್ಟವಲ್ಲ. ಬೂದು ಪ್ರೈಮರ್ ಮೇಲೆ ಕಂದುಗೆಂಪು. ಒಣಗಿದ ಮೇಲೆ ಅಲ್ಲೊಂದು ಇಲ್ಲೊಂದು ಇಟ್ಟಿಗೆಗೆ ಕಿತ್ತಳೆ, ನೇರಳೆಗಪ್ಪು. ಹತ್ತರಲ್ಲಿ ಒಂದು ಸಾಕು, ಜಾಸ್ತಿಯಾದರೆ ಮೊಸಾಯಿಕ್ ನೆಲದ ಹಾಗೆ ಕಾಣುತ್ತದೆ. ಆಮೇಲೆ ಬೂದುಗಂದು ಅಕ್ರಿಲಿಕ್ ಬಣ್ಣವನ್ನು ಮಜ್ಜಿಗೆ ನೀರಿನಷ್ಟು ತೆಳ್ಳಗೆ ಮಾಡಿ ಗೋಡೆ ಮೇಲೆ ಹರಿಸಿ. ಸಂದಿಗೆ ತಾನೇ ಇಳಿಯುತ್ತದೆ. ಮೇಲೆ ನಿಂತದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಯಾವುದಕ್ಕೂ ಮೊದಲು ಬೇಡದ ಚೂರಿನ ಮೇಲೆ ನೋಡಿಕೊಳ್ಳಿ, ಕೆಲವು ಬಣ್ಣ ಒರೆಸುವಾಗ ಕೆಳಗಿನದನ್ನೂ ಎಬ್ಬಿಸುತ್ತದೆ.

ಗೋಡೆ ಹಳೆಯದಾಗಿ ಕಾಣಲಿ ಅಂತ ಕೊಳೆ ಹಚ್ಚುವಾಗ ನೀರು ಹರಿಯುವ ದಾರಿ ನೋಡಿ. ಕಿಟಕಿ ಅಂಚಿನ ಎರಡು ಮೂಲೆಯಿಂದ ಇಳಿದ ಕಪ್ಪು, ಮಳೆ ಕೊಳವೆ ಒಡೆದ ಕಡೆ ಪಾಚಿ. ಸೂರಿನ ಅಡಿಯಲ್ಲಿ ಮಳೆ ತಾಗದ ಪಟ್ಟಿ ಹಾಗೇ ಬಿಡಿ. ಬಿಳಿ ಬಣ್ಣ ಹಚ್ಚಲೇಬೇಕು ಅನ್ನುವವರಿಗೂ ಜಾಗ ಇದೆ. ಗೋಡೆ ಬುಡದಲ್ಲಿ ನೆಲದ ತೇವ ಏರಿ ಇಟ್ಟಿಗೆ ಉಪ್ಪು ಬಿಡುತ್ತದಲ್ಲ, ಅಲ್ಲಿ. ನಿಜದಲ್ಲಿ ಮೂರಡಿ ಅಂದುಕೊಂಡರೆ ಮಾದರಿಯಲ್ಲಿ ಒಂದೇ ಸೆಂಟಿಮೀಟರ್. ಒಣ ಕುಂಚದಲ್ಲಿ ಸವರಿದರೂ ಸಾಕು.

ಆ ರೈಲ್ವೆಯವರು ಹೋದ ವಾರ ಮತ್ತೆ ಫೋನ್ ಮಾಡಿದ್ದರು. ಹಪ್ಪಳದ ಚಾಪೆ ಹಾಕಿಕೊಡಲು ಆಗುತ್ತಾ ಅಂತ.